ಕಡೂರಿನ ಕತ್ತಲೆ ಬೇರೆ, ಕೊಪ್ಪದ ಕತ್ತಲೆ ಬೇರೆ

ಮಾರ್ಚ್–ಏಪ್ರಿಲ್‌ನಲ್ಲಿ ಕಡೂರು, ಬೀರೂರು, ಅಜ್ಜಂಪುರದ ಕಡೆ ರೈತರು ಸಬ್‌ಸ್ಟೇಷನ್ ಮುಂದೆ ಧರಣಿ ಕೂರುತ್ತಾರೆ. ಜೂನ್–ಜುಲೈ ಬಂತೆಂದರೆ ಕೊಪ್ಪ, ಶೃಂಗೇರಿ, ಮೂಡಿಗೆರೆಯವರ ಸರದಿ. ಇಬ್ಬರ ಕೂಗೂ ಒಂದೇ: ಕರೆಂಟ್ ಕೊಡಿ. ಚಿಕ್ಕಮಗಳೂರು ಜಿಲ್ಲೆಯೂ ಒಂದೇ, ಬಿಲ್ ಕೊಡುವ ಮೆಸ್ಕಾಂ ಕೂಡ ಒಂದೇ. ಹಾಗಾಗಿ ಜಿಲ್ಲಾ ಪುಟಗಳಲ್ಲಿ ಎರಡೂ ‘ವಿದ್ಯುತ್ ಸಮಸ್ಯೆ’ ಎಂಬ ಒಂದೇ ತಲೆಬರಹದಡಿ ಸೇರಿಹೋಗುತ್ತವೆ. ಸರ್ಕಾರದಿಂದ ಬರುವ ಉತ್ತರವೂ ಒಂದೇ ಅಚ್ಚಿನದು: ಇಷ್ಟು ಮೆಗಾವ್ಯಾಟ್ ಉತ್ಪಾದನೆಯಿದೆ, ಇಷ್ಟು ಖರೀದಿಸಿದ್ದೇವೆ, ಕೊರತೆಯಿಲ್ಲ.

ಆ ಉತ್ತರ ಸುಳ್ಳೆಂದಲ್ಲ. ಆದರೆ ಕೊಪ್ಪದವರು ಕೇಳಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಉತ್ಪಾದನೆಯನ್ನು ಕೆರೆ, ತಂತಿಯನ್ನು ಕಾಲುವೆ ಎಂದುಕೊಂಡರೆ, ಅಲ್ಲಿ ಕೆರೆ ತುಂಬಿದೆ, ಒಡೆದಿರುವುದು ಕಾಲುವೆ. ಕಡೂರಿನಲ್ಲಾದರೆ ಕೆರೆಯ ನೀರೂ ಅಳತೆಯದು, ಕಾಲುವೆಯೂ ಸಣ್ಣದು. ಈ ವ್ಯತ್ಯಾಸ ಹಿಡಿಯದೆ ಇನ್ವರ್ಟರ್ ತಂದರೂ ದುಡ್ಡು ದಂಡ, ಮನವಿ ಕೊಟ್ಟರೂ ಕಾಗದ ದಂಡ.

ಮೊದಲು ಬಯಲು ಸೀಮೆಯ ಕಥೆ. ಅಲ್ಲಿ ಕರೆಂಟ್ ಹೋಗುವುದಕ್ಕಿಂತ ಹೆಚ್ಚಾಗಿ ‘ತ್ರೀ ಫೇಸ್’ ಹೋಗುತ್ತದೆ. ಪಂಪ್‌ಸೆಟ್ ಇರುವ ಫೀಡರ್‌ಗಳಿಗೆ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನ್‌ಗಳಿಗೆ) ದಿನಕ್ಕೆ 7 ಗಂಟೆ ತ್ರೀ ಫೇಸ್ ಕೊಡುವುದು ಸರ್ಕಾರದ ಲೆಕ್ಕ, ಉಳಿದ ಹೊತ್ತು ಮನೆಯ ದೀಪಕ್ಕೆಂದು ಸಿಂಗಲ್ ಫೇಸ್. ಮೂರು ಫೇಸ್ ಇಲ್ಲದೆ ಬೋರ್‌ವೆಲ್ ಮೋಟರ್ ತಿರುಗುವುದಿಲ್ಲ. ಹಾಗಾಗಿ ಯಾರ ಮನೆಯ ದೀಪವನ್ನೂ ಆರಿಸದೆ ರಾಜ್ಯದ ಲೋಡ್ ಇಳಿಸಲು ಇದು ಸುಲಭದ ದಾರಿ. ರಾಜ್ಯದಲ್ಲಿ ಉತ್ಪಾದನೆಗೂ ಬೇಡಿಕೆಗೂ ತಾಳೆ ತಪ್ಪಿದಾಗ ಗ್ರಿಡ್‌ನ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ ಕೆಳಗಿಳಿಯತೊಡಗುತ್ತದೆ. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರ್‌ನಿಂದ ಸೂಚನೆ ಬರುತ್ತದೆ, ಸಬ್‌ಸ್ಟೇಷನ್ನಿನ ಆಪರೇಟರ್ ಫೀಡರ್ ತೆಗೆಯುತ್ತಾರೆ. ಫೋನಿನಲ್ಲಿ ಬೈಸಿಕೊಳ್ಳುವವರು ಮಾತ್ರ ಊರಿನ ಲೈನ್‌ಮನ್.

2023ರಲ್ಲಿ ಇದು ಹೇಗೆ ನಡೆಯಿತೆಂದು ನೆನಪಿಸಿಕೊಂಡರೆ ಸಾಕು. ಮುಂಗಾರು ಕೈಕೊಟ್ಟಿತು. ಲಿಂಗನಮಕ್ಕಿ, ಸೂಪಾ ಜಲಾಶಯಗಳಲ್ಲಿ ನೀರು ಸಾಲಲಿಲ್ಲ. ಮಳೆಯಿಲ್ಲದ್ದರಿಂದ ಮಳೆಗಾಲದಲ್ಲೇ ಪಂಪ್‌ಸೆಟ್‌ಗಳು ಓಡತೊಡಗಿ, ಅಕ್ಟೋಬರ್‌ನಲ್ಲಿ ಬೇಡಿಕೆ ಬೇಸಿಗೆಯ ಮಟ್ಟಕ್ಕೆ ಏರಿತು. ತ್ರೀ ಫೇಸ್ 5 ಗಂಟೆಗೆ ಇಳಿಯಿತು. ರಾಜ್ಯದ ಖಾಸಗಿ ಉತ್ಪಾದಕರು ಹೊರಗೆ ಮಾರದಂತೆ ಸರ್ಕಾರ 2003ರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಬೇಕಾಯಿತು. ಪಾವಗಡದ ಸೋಲಾರ್ ಪಾರ್ಕ್ ಹಗಲಿನ ಭಾರ ಹೊರುತ್ತದೆ, ನಿಜ. ಸಂಜೆ ಆರರ ನಂತರ, ಮನೆಮನೆಯ ದೀಪ, ಟಿವಿ, ಮಿಕ್ಸಿ ಒಟ್ಟಿಗೆ ಶುರುವಾಗುವ ಹೊತ್ತಿಗೆ ಸೋಲಾರ್ ಮಲಗಿರುತ್ತದೆ. ಆ ಹೊತ್ತಿಗೆ ಥಟ್ಟನೆ ಎದ್ದು ಬರುವುದು ಜಲವಿದ್ಯುತ್ತು, ಅದಕ್ಕೆ ಬೇಕಾದ ನೀರೇ ಆ ವರ್ಷ ಇರಲಿಲ್ಲ. ಇಂಥ ವರ್ಷ ಕಡೂರಿನ ರೈತ ಮೆಗಾವ್ಯಾಟ್ ಲೆಕ್ಕ ಕೇಳುವುದರಲ್ಲಿ ನ್ಯಾಯವಿದೆ.

ಆದರೆ ಮಳೆ ಚೆನ್ನಾಗಿ ಬಂದ ವರ್ಷವೂ ಅಲ್ಲಿ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಡುತ್ತದಲ್ಲ, ಅದಕ್ಕೆ ಏನು ಕಾರಣ? ಇಲ್ಲಿ ಸ್ವಲ್ಪ ನಿಂತು ನೋಡಬೇಕು. 63 ಕೆವಿಎ ಟಿಸಿಯೊಂದು 5 ಎಚ್‌ಪಿಯ ಹತ್ತು–ಹನ್ನೆರಡು ಮೋಟರ್‌ಗಳನ್ನು ನೆಮ್ಮದಿಯಿಂದ ಎಳೆಯಬಲ್ಲದು. ಬೋರ್ ಆಳಕ್ಕೆ ಹೋದಂತೆ 5 ಎಚ್‌ಪಿ ಮೋಟರ್ ಏಳೂವರೆ ಆಗುತ್ತದೆ, ಏಳೂವರೆ ಹತ್ತಾಗುತ್ತದೆ. ದಾಖಲೆಯಲ್ಲಿ ಮಾತ್ರ ಹಳೆಯ 5 ಉಳಿದಿರುತ್ತದೆ. ಜೊತೆಗೆ ‘ಅಕ್ರಮ–ಸಕ್ರಮ’ಕ್ಕೆ ಕಾಯುತ್ತಿರುವ ಕೆಲವು ಸೆಟ್‌ಗಳು. ಇಷ್ಟರ ಮೇಲೆ ಪ್ರತಿ ಹೊಲದ ಪ್ಯಾನಲ್ ಬೋರ್ಡ್‌ನಲ್ಲೂ ಆಟೋ ಸ್ಟಾರ್ಟರ್. ತ್ರೀ ಫೇಸ್ ಯಾವಾಗ ಬರುತ್ತದೋ ಗೊತ್ತಿಲ್ಲದಾಗ ರಾತ್ರಿ ಎರಡಕ್ಕೆ ಎದ್ದು ಹಾವು, ಚಿರತೆ ಇರುವ ಹೊಲಕ್ಕೆ ಹೋಗುವುದಕ್ಕಿಂತ ಆಟೋಗೆ ಬಿಟ್ಟು ಮಲಗುವುದೇ ವಾಸಿ, ಯಾರಾದರೂ ಅದನ್ನೇ ಮಾಡುತ್ತಾರೆ. ಫೇಸ್ ಬಂದ ಕ್ಷಣ ಹದಿನೈದು ಮೋಟರ್ ಒಟ್ಟಿಗೆ ಎದ್ದೇಳುತ್ತವೆ. ನೇರವಾಗಿ ಸ್ಟಾರ್ಟ್ ಆಗುವ ಮೋಟರ್ ಏಳುವಾಗ ತನ್ನ ಮಾಮೂಲಿ ಕರೆಂಟಿನ ಆರು ಪಟ್ಟು ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಕೊನೆಯ ಕಂಬದ ಮೋಟರ್ ಏಳಲಾರದೆ ಗುಂಯ್‌ಗುಟ್ಟುತ್ತದೆ, ವೈಂಡಿಂಗ್ ಕಾಯುತ್ತದೆ. ಫ್ಯೂಸ್ ಹೋಗುತ್ತದೆ, ಯಾರೋ ದಪ್ಪ ತಂತಿ ಕಟ್ಟುತ್ತಾರೆ. ಮರುದಿನ ಟಿಸಿಯೇ ಹೋಗುತ್ತದೆ.

ಇದಕ್ಕೆ ಮದ್ದು ಅಗ್ಗದ್ದೇ ಇದೆ. ಸ್ಟಾರ್ಟರ್‌ಗೆ ಡಿಲೇ ಟೈಮರ್ ಹಾಕಿ ಒಬ್ಬರದು ಒಂದು ನಿಮಿಷಕ್ಕೆ, ಮತ್ತೊಬ್ಬರದು ಮೂರು ನಿಮಿಷಕ್ಕೆ, ಹೀಗೆ ಹಂಚಿಕೊಂಡರೆ ಟಿಸಿಯ ಮೇಲಿನ ಆ ಒಂದೇ ಏಟು ತಪ್ಪುತ್ತದೆ. ಮೋಟರ್‌ಗೆ ಸರಿಯಾದ ಕೆಪಾಸಿಟರ್ ಇದ್ದರೆ ವೋಲ್ಟೇಜ್ ಇನ್ನಷ್ಟು ನಿಲ್ಲುತ್ತದೆ. ಆದರೆ ಒಂದು ಟಿಸಿಯ ಕೆಳಗಿನ ಹದಿನೈದು ಮನೆಯವರು ಕೂತು ಒಪ್ಪಿಕೊಳ್ಳದೆ ಇದು ನಡೆಯದು. ನಾಲ್ಕೇ ಜನ ಹಾಕಿಸಿದರೆ ಉಳಿದವರ ಮೋಟರ್ ಮೊದಲು ಎದ್ದು, ಇವರ ಪಾಲಿಗೆ ಲೋ ವೋಲ್ಟೇಜ್ ಉಳಿಯುತ್ತದೆ. ಸಿಂಗಲ್ ಫೇಸ್‌ನಲ್ಲೇ ತ್ರೀ ಫೇಸ್ ಮೋಟರ್ ಓಡಿಸಲು ಕಂಡೆನ್ಸರ್ ಕಟ್ಟಿಕೊಳ್ಳುವ ರೂಢಿಯೂ ಇದೆ. ಅದು ಪಕ್ಕದವನ ಮನೆಯ ದೀಪದ ವೋಲ್ಟೇಜನ್ನು ಕದ್ದು ತನ್ನ ಅಡಿಕೆಗೆ ನೀರು ಹಾಯಿಸಿದಂತೆಯೇ ಸರಿ, ಇದರಲ್ಲಿ ಮುಲಾಜಿನ ಮಾತು ಬೇಡ. ಪಿಎಂ ಕುಸುಮ್ ಯೋಜನೆಯಡಿ ಸೋಲಾರ್ ಪಂಪ್‌ಗೆ ಕೇಂದ್ರದ್ದು ಶೇ 30, ರಾಜ್ಯದ್ದು ಶೇ 50 ಸಹಾಯಧನವಿದೆ. ಹಗಲಲ್ಲೇ ನೀರು ಹಾಯಿಸಬಹುದೆಂಬುದೇ ಅದರ ದೊಡ್ಡ ಲಾಭ. ಬೋರ್ ಬತ್ತಿದರೆ ಅದೂ ಬಿಸಿಲಿಗೆ ಒಡ್ಡಿದ ಗಾಜು, ಅಷ್ಟೆ.

ಘಟ್ಟದ ಕಡೆ ಬಂದರೆ ಇಡೀ ಚಿತ್ರವೇ ಬದಲು. ಶೃಂಗೇರಿ, ಕೊಪ್ಪ, ಎನ್.ಆರ್.ಪುರ, ಮೂಡಿಗೆರೆ, ಕಳಸದಲ್ಲಿ ಊರೆಂದರೆ ಒತ್ತೊತ್ತಾಗಿ ಮನೆಗಳಿರುವ ಜಾಗವಲ್ಲ. ಒಂದು ದಿಬ್ಬದ ಮೇಲೆ ಒಂಟಿ ಮನೆ, ಗದ್ದೆ ಬಯಲು ದಾಟಿ ಇನ್ನೊಂದು, ಹಳ್ಳದಾಚೆ ಎರಡು. ಈ ಮೂರು ಮನೆಗೆ ಹೋಗುವ ತಂತಿ ಕಾಫಿ ತೋಟ, ಕಾಡು, ದರೆ ಎಲ್ಲವನ್ನೂ ಹಾದು ಹೋಗಬೇಕು. ಹಳ್ಳಿಯ ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ಬೇರೆಬೇರೆ ಫೀಡರ್ ಎಳೆಯುವ ನಿರಂತರ ಜ್ಯೋತಿ ಯೋಜನೆ ಬಯಲಿನ ಊರುಗಳಿಗೆ ಒಗ್ಗಿದಷ್ಟು ಈ ಚದುರಿದ ಮನೆಗಳಿಗೆ ಒಗ್ಗುವಂಥದ್ದಲ್ಲ. ಇಲ್ಲಿ ತೋಟದ ಪಂಪೂ ಮನೆಯ ದೀಪವೂ ಒಂದೇ ತಂತಿಯ ತುದಿಯಲ್ಲಿರುತ್ತವೆ.

ತೋಟದಲ್ಲಿ ನೆರಳಿಗೆಂದು ನೆಟ್ಟ ಸಿಲ್ವರ್ ಮರ ಬಲು ಬೇಗ ಎತ್ತರಕ್ಕೆ ಹೋಗುತ್ತದೆ, ಅದರ ಕೊಂಬೆ ಗಾಳಿಗೆ ಲಟಕ್ಕನೆ ಮುರಿಯುತ್ತದೆ. ಅದರ ಮೈತುಂಬ ಕಾಳುಮೆಣಸಿನ ಬಳ್ಳಿ. ಲೈನಿಗೆ ತಾಗುವ ರೆಂಬೆ ಕಡಿಯಲು ಗ್ಯಾಂಗ್‌ಮನ್‌ಗಳು ಮೇ ತಿಂಗಳಲ್ಲಿ ಬಂದಾಗ ಬೆಳೆಗಾರ ‘ಆ ಮರ ಒಂದು ಬಿಡಿ ಮಾರಾಯ್ರೆ, ಬಳ್ಳಿ ಹೋಗುತ್ತೆ’ ಎನ್ನುತ್ತಾನೆ. ಜುಲೈನಲ್ಲಿ ಅದೇ ಮರ ಬಿದ್ದು ಮೂರು ಕಂಬ ಎಳೆದುಕೊಂಡು ಹೋದಾಗ ಸೆಕ್ಷನ್ ಆಫೀಸಿಗೆ ಮೊದಲು ಫೋನ್ ಮಾಡುವವನೂ ಅವನೇ. ಇಲಾಖೆಯ ಮೇಲೆ ಹೊರಿಸಬೇಕಾದ್ದು ಬೇಕಾದಷ್ಟಿದೆ, ಈ ಪಾಲು ಮಾತ್ರ ನಮ್ಮದು.

ಫೀಡರ್ ಟ್ರಿಪ್ ಆದ ಮೇಲೆ ಏನಾಗುತ್ತದೆ ಎಂದು ತಿಳಿದರೆ ‘ಇನ್ನೂ ಯಾಕೆ ಬಂದಿಲ್ಲ’ ಎಂಬ ಸಿಟ್ಟು ಸ್ವಲ್ಪ ಇಳಿದೀತು. ಸಬ್‌ಸ್ಟೇಷನ್ನಿನಲ್ಲಿ ಒಮ್ಮೆ ಚಾರ್ಜ್ ಮಾಡಿ, ಅಂದರೆ ಕರೆಂಟ್ ಬಿಟ್ಟು, ನೋಡುತ್ತಾರೆ. ನಿಲ್ಲಲಿಲ್ಲವೆಂದರೆ ಹತ್ತಾರು ಕಿಲೋಮೀಟರ್ ಉದ್ದದ 11 ಕೆ.ವಿ. ಲೈನಿನ ಎಲ್ಲೋ ಒಂದು ಕಡೆ ತಂತಿ ನೆಲಕ್ಕೆ ಬಿದ್ದಿದೆ, ಇಲ್ಲವೇ ಇನ್ಸುಲೇಟರ್ ಒಡೆದಿದೆ. ಲೈನ್‌ಮನ್ ಒಬ್ಬ, ಹೆಚ್ಚೆಂದರೆ ಇಬ್ಬರು, ಬೈಕಿನಲ್ಲಿ ಹೋಗಿ ನಡುವಿನ ಎಬಿ ಸ್ವಿಚ್ ತೆಗೆದು ಮುಂದಿನ ಭಾಗ ಬೇರ್ಪಡಿಸುತ್ತಾರೆ. ಹಿಂದಿನದು ಚಾರ್ಜ್ ಆಯಿತೋ, ದೋಷ ಮುಂದಿದೆ. ಮತ್ತೆ ಮುಂದಿನ ಸ್ವಿಚ್. ಮಳೆಯಲ್ಲಿ, ಜಿಗಣೆಯ ನಡುವೆ, ಬೀಗ ಹಾಕಿದ ತೋಟದ ಗೇಟು ಹಾರಿ ಕಂಬದಿಂದ ಕಂಬಕ್ಕೆ ಟಾರ್ಚ್ ಹಾಕಿ ನೋಡುತ್ತ ನಡೆಯಬೇಕು. ಕಂಬ ಏರುವ ಮುನ್ನ ಸಬ್‌ಸ್ಟೇಷನ್ನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳಬೇಕು. ಅದು ಫೋನಿನಲ್ಲೇ ಆಗುವ ಮಾತು. ಕರೆಂಟ್ ಹೋಗಿ ಕೆಲವು ಗಂಟೆಯಾದರೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದಿರುತ್ತದೆ. ಗ್ರಾಹಕ ಸಹಾಯವಾಣಿ 1912ಕ್ಕೆ ಕರೆ ಮಾಡಲಾಗದು, ಲೈನ್‌ಮನ್‌ಗೆ ಎಲ್‌ಸಿ ಕೇಳಲಾಗದು. ಸಿಗ್ನಲ್ ಸಿಗುವ ದಿಬ್ಬ ಹುಡುಕಿ ಅವನು ಬೈಕ್ ಓಡಿಸುವ ಆ ಅರ್ಧ ತಾಸು ಯಾವ ದಾಖಲೆಗೂ ಬರುವುದಿಲ್ಲ.

ಕಂಬ ಮುರಿದಿದ್ದರೆ ಬೇರೆಯೇ ಕಥೆ. ಲಾರಿ ಹೋಗುವುದು ಟಾರ್ ರಸ್ತೆಯವರೆಗೆ. ಅಲ್ಲಿಂದ ಸಿಮೆಂಟ್ ಕಂಬವನ್ನು ಹಗ್ಗ ಕಟ್ಟಿ, ಗದ್ದೆಯ ಅಂಚಿನ ಮೇಲೆ ಎಂಟು–ಹತ್ತು ಜನ ಹೊತ್ತು ಸಾಗಿಸಬೇಕು. ಇಲಾಖೆಯ ಆಳು ಸಾಲುವುದಿಲ್ಲ, ಊರವರೇ ಹೆಗಲು ಕೊಡುತ್ತಾರೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡವೇ ಜಾರಿ ಬಂದಾಗ ಕಂಬ ನೆಡುವ ಜಾಗವೇ ಇರಲಿಲ್ಲ.

ಹೀಗಿರುವಾಗ ಮಲೆನಾಡಿಗೆ ರಾಜ್ಯ ಇನ್ನೂ ಸಾವಿರ ಮೆಗಾವ್ಯಾಟ್ ಉತ್ಪಾದಿಸಿದರೆ ಏನು ಬಂತು? ಶರಾವತಿಯ 1,035 ಮೆಗಾವ್ಯಾಟ್ ಪಕ್ಕದ ಜಿಲ್ಲೆಯಲ್ಲೇ ಹುಟ್ಟುತ್ತದೆ. ಆರು ದಶಕಗಳಿಂದ ಮಲೆನಾಡಿನ ನೀರಿನ ಕರೆಂಟು ಬೆಂಗಳೂರಿಗೆ ಹೋಗುತ್ತಿದೆ, ಮಲೆನಾಡಿನ ಮನೆ ಮಾತ್ರ ಜುಲೈನಲ್ಲಿ ಚಿಮಣಿ ಹುಡುಕುತ್ತದೆ ಎಂದು ಭಾಷಣದಲ್ಲಿ ಕೇಳಲು ಚೆನ್ನ. ಆದರೆ ಕೊರತೆಯಿರುವುದು ಕೊನೆಯ ಐದು ಕಿಲೋಮೀಟರಿನಲ್ಲಿ. ಅಲ್ಲಿ ಬೇಕಾದ್ದು ಹೊದಿಕೆಯಿರುವ ತಂತಿ, ಮನೆಗಳ ಕಡೆಗೆ ಏರಿಯಲ್ ಬಂಚ್ ಕೇಬಲ್, ತುಕ್ಕು ಹಿಡಿಯದ ಎಬಿ ಸ್ವಿಚ್, ಲೈನನ್ನು ತೋಟದ ಒಳಗಿಂದ ಎತ್ತಿ ರಸ್ತೆಯ ಬದಿಗೆ ತರುವುದು, ಇದೆಲ್ಲಕ್ಕಿಂತ ಮೊದಲು ಖಾಲಿ ಬಿದ್ದಿರುವ ಲೈನ್‌ಮನ್ ಹುದ್ದೆ ತುಂಬುವುದು. ನಾಲ್ಕು ಮನೆಗೆ ಎರಡು ಕಿಲೋಮೀಟರ್ ಕೇಬಲ್ ಎಳೆದರೆ ಆ ಮನೆಗಳ ಬಿಲ್ಲಿನಿಂದ ಖರ್ಚು ಯಾವ ಕಾಲಕ್ಕೂ ಹುಟ್ಟದು. ಆದ್ದರಿಂದಲೇ ಪಟ್ಟಿಯಲ್ಲಿ ಮಲೆನಾಡಿನ ಹೆಸರು ಯಾವಾಗಲೂ ಕೆಳಗೆ.

ಮುನ್ಸೂಚನೆ ಕೊಟ್ಟು ತೆಗೆಯುವ ಕರೆಂಟಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ನಿಲುಗಡೆ, ಗ್ರಾಹಕರು ಸಹಕರಿಸಬೇಕಾಗಿ ವಿನಂತಿ’ ಎಂಬ ಪ್ರಕಟಣೆ ನೋಡಿದರೆ ಸಿಟ್ಟು ಬರುತ್ತದೆ. ನನ್ನ ಮಟ್ಟಿಗೆ ಮಾತ್ರ ಎಲ್ಲ ಬಗೆಯ ಕತ್ತಲೆಯಲ್ಲಿ ಇದೊಂದೇ ಉಪಯೋಗದ್ದು. ಮೇ ತಿಂಗಳಲ್ಲಿ ನಾಲ್ಕು ದಿನ ಹಗಲು ತೆಗೆದು ರೆಂಬೆ ಕಡಿದರೆ ಜುಲೈನಲ್ಲಿ ನಾಲ್ಕು ರಾತ್ರಿ ಉಳಿಯುತ್ತವೆ. ಕೇಳಬೇಕಾದ್ದು ಎರಡೇ: ಒಂದು ದಿನ ಮೊದಲೇ ತಿಳಿಸಿದ್ದಾರೆಯೇ, ಹೇಳಿದ ಹೊತ್ತಿಗೆ ವಾಪಸ್ ಕೊಟ್ಟಿದ್ದಾರೆಯೇ. ಅರೇಬಿಕಾ ಕೊಯ್ಲಿನ ಡಿಸೆಂಬರ್‌ನಲ್ಲಿ, ಕೊಯ್ದ ಹಣ್ಣನ್ನು ಅಂದೇ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕದಿದ್ದರೆ ಹುಳಿಯುವ ದಿನಗಳಲ್ಲಿ ನಿಲುಗಡೆ ಇಟ್ಟುಕೊಳ್ಳಬೇಡಿ ಎಂದು ಬೆಳೆಗಾರರ ಸಂಘ ಮೊದಲೇ ಪತ್ರ ಬರೆದಿಡುವುದು ಒಳ್ಳೆಯದು.

ಇನ್ನು ಮನೆಯ ಮಟ್ಟಿಗೆ ಏನು ಮಾಡಬಹುದು? ಅಂಗಡಿಯವರು ಎಲ್ಲರಿಗೂ ಒಂದೇ ಇನ್ವರ್ಟರ್, 150 ಎಎಚ್‌ನ ಒಂದು ಟ್ಯೂಬುಲರ್ ಬ್ಯಾಟರಿ ಕಟ್ಟಿ ಕಳಿಸುತ್ತಾರೆ. ಅದರಲ್ಲಿ 12 ವೋಲ್ಟ್ ಲೆಕ್ಕಕ್ಕೆ 1,800 ವ್ಯಾಟ್‌ಅವರ್ ಇದೆ. ನಷ್ಟವೆಲ್ಲ ಕಳೆದು ಕೈಗೆ ಸಿಗುವುದು 1,100ರ ಆಸುಪಾಸು. ಕಡೂರಿನ ಬೇಸಿಗೆಯಲ್ಲಿ 75 ವ್ಯಾಟಿನ ಎರಡು ಹಳೆ ಫ್ಯಾನ್, ನಾಲ್ಕು ಬಲ್ಬು ಹಾಕಿದರೆ ಐದೂವರೆ–ಆರು ಗಂಟೆಗೆ ಮುಗಿಯುತ್ತದೆ. ಅದೇ ಫ್ಯಾನ್ ಬದಲಿಸಿ 30 ವ್ಯಾಟಿನ ಬಿಎಲ್‌ಡಿಸಿ ಹಾಕಿದರೆ ಬ್ಯಾಟರಿ ಹೆಚ್ಚೂಕಡಿಮೆ ಇಮ್ಮಡಿ ಹೊತ್ತು ಬರುತ್ತದೆ. ಇನ್ನೊಂದು ಬ್ಯಾಟರಿ ಕೊಳ್ಳುವ ಮೊದಲು ಫ್ಯಾನ್ ಬದಲಿಸಿ. ಎರಡು–ಮೂರು ಗಂಟೆ ಹೋಗಿ ಬರುವ ಕರೆಂಟಿಗೆ ಈ ವ್ಯವಸ್ಥೆ ಧಾರಾಳ.

ಕೊಪ್ಪದಲ್ಲಿ ಇದೇ ಬ್ಯಾಟರಿ ಎರಡನೇ ದಿನ ಸಾಯುತ್ತದೆ. ಫ್ಯಾನ್ ಬೇಡದ ಚಳಿ, ನಿಜ. ಬರೀ ದೀಪ, ಫೋನ್, ವೈಫೈ ಆದರೆ ಒಂದು ದಿನ ತಳ್ಳಬಹುದು. ಆದರೆ ಖಾಲಿಯಾದದ್ದು ಮತ್ತೆ ತುಂಬಲು ಹತ್ತು–ಹನ್ನೆರಡು ಗಂಟೆ ಕರೆಂಟ್ ಬೇಕಲ್ಲ. ಖಾಲಿ ಬ್ಯಾಟರಿ ದಿನಗಟ್ಟಲೆ ಹಾಗೇ ಬಿದ್ದರೆ ಒಳಗಿನ ಪ್ಲೇಟಿಗೆ ಸಲ್ಫೇಟ್ ಹಿಡಿದು ಅದರ ಆಯುಷ್ಯವೇ ಅರ್ಧವಾಗುತ್ತದೆ. ‘ಸೋಲಾರ್ ಹಾಕಿಸಿ’ ಎನ್ನುವವರು ಒಂದು ವಿಷಯ ಹೇಳುವುದಿಲ್ಲ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಡಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುವುದು ಗ್ರಿಡ್‌ಗೆ ಜೋಡಿಸಿದ ಸೋಲಾರ್‌ಗೆ. ಬ್ಯಾಟರಿಯಿಲ್ಲದ ಆ ವ್ಯವಸ್ಥೆ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ಸತ್ತ ಲೈನಿಗೆ ಕರೆಂಟ್ ಹರಿದು ಲೈನ್‌ಮನ್ ಸಾಯಬಾರದೆಂದು ಅದನ್ನು ಹಾಗೇ ಮಾಡಿರುತ್ತಾರೆ. ಮೈತುಂಬ ಪ್ಯಾನಲ್ ಹೊದ್ದ ಮನೆ ಹಗಲಲ್ಲೇ ಕರೆಂಟಿಲ್ಲದೆ ಕೂತಿರುವುದು ಈ ಕಾರಣಕ್ಕೆ. ಬ್ಯಾಟರಿಯಿರುವ ಹೈಬ್ರಿಡ್ ಬೇಕೆಂದು ಮೊದಲೇ ಕೇಳಬೇಕು, ಅದಕ್ಕೂ ಜುಲೈನ ಮೋಡ ಕರಗಬೇಕು.

ಮಲೆನಾಡಿಗೆ ಹೇಳಿ ಮಾಡಿಸಿದ್ದು ಬೇರೊಂದಿದೆ: ಮನೆ ಹಿಂದಿನ ಹಳ್ಳದ ಪಿಕೋ ಹೈಡ್ರೋ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ, ಅರ್ಧ ನಷ್ಟವಾದರೂ ಸುಮಾರು 1 ಕಿಲೋವ್ಯಾಟ್ ಕೈಗೆ ಸಿಗುತ್ತದೆ, ಹಗಲೂ ರಾತ್ರಿಯೂ. ಹಳ್ಳ ತುಂಬುವುದು ಜೂನ್‌ನಲ್ಲಿ, ಲೈನ್ ಬೀಳುವುದೂ ಜೂನ್‌ನಲ್ಲೇ. ಜನವರಿಯ ನಂತರ ಟರ್ಬೈನ್ ನಿಂತರೆ ಅಷ್ಟರಲ್ಲಿ ಗ್ರಿಡ್ ಕರೆಂಟ್ ನೆಟ್ಟಗಾಗಿರುತ್ತದೆ. ನೀರಿನ ದಾರಿಯ ಎಲೆ–ಕಸ ದಿನಾ ತೆಗೆಯುವ ಒಬ್ಬರು ಮನೆಯಲ್ಲಿರಬೇಕು. ಮಕ್ಕಳೆಲ್ಲ ಬೆಂಗಳೂರು ಸೇರಿ ವಯಸ್ಸಾದವರಿಬ್ಬರೇ ಉಳಿದ ಮನೆಗಳಲ್ಲಿ ಯಂತ್ರ ನಿಂತಿರುವುದು ಯಂತ್ರದ ತಪ್ಪಿನಿಂದಲ್ಲ.

ಜನರೇಟರ್ ಇಟ್ಟುಕೊಂಡವರಿಗೆ ಒಂದು ಮಾತು, ಸ್ವಲ್ಪ ಖಾರವಾಗಿಯೇ. ಚೇಂಜ್‌ಓವರ್ ಸ್ವಿಚ್ ಇಲ್ಲದೆ, ಎರಡೂ ಕಡೆ ಪಿನ್ನಿರುವ ವೈರಿನಿಂದ ಜನರೇಟರನ್ನು ಮನೆಯ ಸಾಕೆಟ್ಟಿಗೆ ಚುಚ್ಚುವವರಿದ್ದಾರೆ. ಮೇನ್ ಆಫ್ ಮಾಡಲು ಮರೆತರೆ ಆ 230 ವೋಲ್ಟ್ ಸರ್ವಿಸ್ ವೈರಿನ ಮೂಲಕ ಟಿಸಿಗೆ ಹೋಗುತ್ತದೆ. ಟಿಸಿ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. 11,000ವನ್ನು ಇಳಿಸುವ ಅದೇ ಯಂತ್ರ ನಿಮ್ಮ 230ನ್ನು ಸಾವಿರಾರು ವೋಲ್ಟ್‌ಗೆ ಏರಿಸಿ, ಲೈನ್ ಸತ್ತಿದೆಯೆಂದು ನಂಬಿ ಕಂಬದ ಮೇಲಿರುವವನ ಕೈಗೆ ಕೊಡುತ್ತದೆ.

ಗೃಹಜ್ಯೋತಿ ಬಂದ ಮೇಲೆ ಇನ್ನೊಂದು ಮಾತು ಕೇಳಿಬರುತ್ತಿದೆ: ‘ಪುಕ್ಕಟೆ ಕರೆಂಟು, ಬಂದಷ್ಟು ಬರಲಿ, ಏನಂತ ಕೇಳೋದು?’ ಕೇಳಬೇಕು. ಆ 200 ಯೂನಿಟ್ ಒಳಗಿನ ದುಡ್ಡನ್ನು ನಮ್ಮ ಪರವಾಗಿ ಸರ್ಕಾರ ಮೆಸ್ಕಾಂಗೆ ಕಟ್ಟಬೇಕಾದದ್ದು. ಬಿಲ್ ಸೊನ್ನೆಯಾದರೂ ಗ್ರಾಹಕ ಗ್ರಾಹಕನೇ. 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಅನ್ವಯವಾಗುತ್ತದೆ. ಸುಟ್ಟ ಟಿಸಿಯನ್ನು ಪಟ್ಟಣದಲ್ಲಿ 24, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕೆಂದು ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಹಾಕಿದ ಗಡುವೂ ಅನ್ವಯವಾಗುತ್ತದೆ. ದೂರನ್ನು ಬಾಯಲ್ಲಿ ಹೇಳಿ ಬಿಟ್ಟರೆ ಆ ಗಂಟೆಗಳ ಎಣಿಕೆ ಶುರುವಾಗುವುದೇ ಇಲ್ಲ. 1912ರಲ್ಲಿ ದೂರಿನ ನಂಬರ್ ತೆಗೆದುಕೊಂಡ ಹೊತ್ತಿನಿಂದ ಶುರು.

ಲೆಕ್ಕದಲ್ಲಿ ಇನ್ನೊಂದು ತೂತಿದೆ. ವಿದ್ಯುತ್ ಕಂಪನಿಗಳು ಪ್ರಕಟಿಸುವ ‘ವರ್ಷಕ್ಕೆ ಇಷ್ಟು ಗಂಟೆ ಅಡಚಣೆ’ ಎಂಬ ಅಂಕಿ ಸಾಮಾನ್ಯವಾಗಿ 11 ಕೆ.ವಿ. ಫೀಡರ್ ಮಟ್ಟದ್ದು. ಸಬ್‌ಸ್ಟೇಷನ್ನಿನಲ್ಲಿ ಫೀಡರ್ ಚಾಲೂ ಇದ್ದರೆ ಕರೆಂಟ್ ಇದೆ ಎಂದೇ ಲೆಕ್ಕ. ಎಬಿ ಸ್ವಿಚ್ ತೆಗೆದು ಮುಂದಿನ ಹತ್ತು ಮನೆಗಳನ್ನು ಮೂರು ದಿನ ಕತ್ತಲಲ್ಲಿ ಬಿಟ್ಟಿದ್ದು, ಟಿಸಿಯಿಂದಾಚೆ ಜಂಪ್, ಅಂದರೆ ತಂತಿಗೆ ತಂತಿ ಜೋಡಿಸುವ ತುಂಡು, ಕಟ್ಟಾಗಿದ್ದು ಅದರಲ್ಲಿ ಕಾಣುವುದಿಲ್ಲ. ಕಾಗದದ ಮೇಲೆ ಮಲೆನಾಡು ಅಷ್ಟೇನೂ ಕತ್ತಲಲ್ಲಿಲ್ಲದಿರುವುದು ಹೀಗೆ. ದರ ಏರಿಕೆಗೆ ಮುನ್ನ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯೂನಿಟ್‌ಗೆ ಎಷ್ಟು ಪೈಸೆ ಏರುತ್ತದೆ ಎಂಬುದರ ಮೇಲೇ ಅಲ್ಲಿ ನಮ್ಮವರ ಮಾತು ಮುಗಿಯುತ್ತದೆ. ಅಲ್ಲಿ, ಇಲ್ಲವೇ ಸಬ್‌ಡಿವಿಷನ್ನಿನ ಜನಸಂಪರ್ಕ ಸಭೆಯಲ್ಲಿ, ಲಿಖಿತವಾಗಿ ಕೇಳಬೇಕಾದ ಪ್ರಶ್ನೆಗಳು ಬೇರೆ: ನಮ್ಮ ಫೀಡರಿನ ಹೆಸರೇನು, ಉದ್ದವೆಷ್ಟು, ಕಳೆದ ಮಳೆಗಾಲದಲ್ಲಿ ಎಷ್ಟು ಸಲ ಟ್ರಿಪ್ ಆಯಿತು, ನಡುವಿನ ಎಬಿ ಸ್ವಿಚ್‌ಗಳಲ್ಲಿ ಎಷ್ಟು ಕೆಲಸ ಮಾಡುತ್ತಿವೆ, ಈ ಸೆಕ್ಷನ್ನಿಗೆ ಮಂಜೂರಾದ ಲೈನ್‌ಮನ್ ಹುದ್ದೆ ಎಷ್ಟು, ಇರುವವರು ಎಷ್ಟು, ಮೇ ಮುಗಿಯುವುದರೊಳಗೆ ಯಾವ ಕಂಬದಿಂದ ಯಾವ ಕಂಬದವರೆಗೆ ರೆಂಬೆ ಕಟಾವು ಆಗುತ್ತದೆ.